ಗಂಡುಗಲಿ ಕುಮಾರರಾಮ: ದಿಲ್ಲಿಗೆ ಮಣಿಯದ ಕಂಪಿಲಿಯ ರಾಜಕುಮಾರ

ವಿಜಯನಗರಕ್ಕೂ ಮೊದಲು ತುಂಗಭದ್ರಾ ತೀರದಲ್ಲಿದ್ದ ಪುಟ್ಟ ರಾಜ್ಯ ಕಂಪಿಲಿ. ಅದರ ದೊರೆ ಕಂಪಿಲರಾಯನ ಮಗನೇ ಕುಮಾರರಾಮ. ಕೊಪ್ಪಳ ಜಿಲ್ಲೆಯ ಗಂಗಾವತಿ ಸಮೀಪದ ಕುಮ್ಮಟದುರ್ಗ, ಹೇಮಗುಡ್ಡ ಈ ಮನೆತನದ ಕೋಟೆಗಳು. ಹಂಪಿಯ ಹೇಮಕೂಟದಲ್ಲಿ ಕಂಪಿಲರಾಯ ಕಟ್ಟಿಸಿದ ಶಿವಾಲಯವನ್ನು ಇಂದಿಗೂ ನೋಡಬಹುದು.

ಯುದ್ಧಕ್ಕೆ ಕಾರಣವೇನು?

ದಿಲ್ಲಿ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್‌ನ ಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪ್ ಇಂದಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದ. ದಂಗೆ ಎದ್ದು ಸೋತ ಆತ ಕಂಪಿಲರಾಯನ ಮರೆಹೊಕ್ಕ. ಆಶ್ರಯ ಬೇಡಿ ಬಂದವನನ್ನು ಒಪ್ಪಿಸಲು ರಾಯ ನಿರಾಕರಿಸಿದ. ಕೋಟೆ ಉಳಿಯುವುದಿಲ್ಲ ಎಂದಾದಾಗ ಗುರ್ಶಾಸ್ಪ್‌ನನ್ನು ಹೊಯ್ಸಳ ದೊರೆಯ ಬಳಿಗೆ ಕಳುಹಿಸಿ, ತಾನು ಹೋರಾಡಿ ಮಡಿದ. ಅರಮನೆಯ ಹೆಂಗಸರು ಬೆಂಕಿಗೆ ಹಾರಿದರು ಎಂದು ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ. ಇದು ನಡೆದದ್ದು 1327ರ ಸುಮಾರಿಗೆ.

ಭೋಸರಿ, ಪುಣೆ ಭಾಗದ ಕನ್ನಡಿಗರಿಗೆ ಪರಿಚಿತವಾದ ಸಿಂಹಗಡಕ್ಕೂ ಈ ದಂಡಯಾತ್ರೆಯ ಬಿಸಿ ತಟ್ಟಿತ್ತು. ಆಗ ಕೊಂಡಾಣ ಎನಿಸಿಕೊಂಡಿದ್ದ ಆ ಕೋಟೆಯನ್ನು ನಾಗ ನಾಯಕ ತಿಂಗಳುಗಟ್ಟಲೆ ಕಾಪಾಡಿಕೊಂಡಿದ್ದ.

ಕಾವ್ಯ ಹೇಳುವ ಕಥೆ

ಕುಮಾರರಾಮನ ಚಿತ್ರ ತುಂಬಿಕೊಳ್ಳುವುದು ನಂಜುಂಡ ಕವಿಯ ಸಾಂಗತ್ಯ ಕಾವ್ಯ ಮತ್ತು ಜನಪದ ಹಾಡುಗಳಲ್ಲಿ. ಮಲತಾಯಿ ರತ್ನಾಜಿ ಅವನನ್ನು ಮೋಹಿಸುತ್ತಾಳೆ. ಆತ ಒಪ್ಪದಿದ್ದಾಗ ಅವನ ಮೇಲೇ ಆರೋಪ ಹೊರಿಸುತ್ತಾಳೆ. ತಂದೆ ಮರಣದಂಡನೆ ವಿಧಿಸುತ್ತಾನೆ. ಮಂತ್ರಿ ಬೈಚಪ್ಪ ಅವನನ್ನು ನೆಲಮಾಳಿಗೆಯಲ್ಲಿ ಬಚ್ಚಿಡುತ್ತಾನೆ. ದಿಲ್ಲಿ ಸೈನ್ಯ ಬಂದಾಗ ಹೊರಬಂದ ರಾಮ, ಕೊಲ್ಲಲು ಹೇಳಿದ ತಂದೆಯ ರಾಜ್ಯಕ್ಕಾಗಿಯೇ ಹೋರಾಡಿ ಪ್ರಾಣ ಬಿಡುತ್ತಾನೆ. ಅವನ ತಲೆಯನ್ನು ದಿಲ್ಲಿಗೆ ಒಯ್ಯಲಾಯಿತು ಎನ್ನುತ್ತದೆ ಕಥೆ. 'ಪರನಾರಿ ಸಹೋದರ' ಎಂಬ ಬಿರುದು ಅವನಿಗೆ ಅಂಟಿಕೊಂಡದ್ದು ರತ್ನಾಜಿ ಪ್ರಸಂಗದಿಂದ. ಈ ಪ್ರಸಂಗಕ್ಕೆ ಕಾವ್ಯವೇ ಆಧಾರ, ಯುದ್ಧಕ್ಕೆ ಮಾತ್ರ ಸಮಕಾಲೀನ ಬರಹದ ಸಾಕ್ಷಿಯೂ ಇದೆ.

ಇಂದಿಗೂ ಪೂಜೆ

ಪಟ್ಟವೇರದ ಈ ರಾಜಕುಮಾರನಿಗೆ ಗುಡಿಗಳಿವೆ. ಅವನ ತಲೆಯ ಮರದ ಪ್ರತಿಮೆಗೆ ಪೂಜೆ ಸಲ್ಲಿಸುವ ಪದ್ಧತಿಯೂ ಉಳಿದುಬಂದಿದೆ. 2006ರಲ್ಲಿ ಶಿವರಾಜ್‌ಕುಮಾರ್ ನಾಯಕರಾಗಿ 'ಗಂಡುಗಲಿ ಕುಮಾರರಾಮ' ಚಿತ್ರ ತೆರೆಕಂಡಿತು.

ಕಂಪಿಲಿ ಬಿದ್ದ ಸುಮಾರು ಹತ್ತೇ ವರ್ಷದಲ್ಲಿ, 1336ರಲ್ಲಿ, ಅದೇ ನೆಲದಲ್ಲಿ ವಿಜಯನಗರ ತಲೆಯೆತ್ತಿತು. ಅದನ್ನು ಕಟ್ಟಿದ ಹರಿಹರ, ಬುಕ್ಕರು ಮೊದಲು ಕಂಪಿಲಿಯ ಸೇವೆಯಲ್ಲಿದ್ದವರು ಎಂಬುದು ಹಲವು ಇತಿಹಾಸಕಾರರ ಅಭಿಪ್ರಾಯ. ಹಂಪಿಗೆ ಹೋದವರು ಕುಮ್ಮಟದುರ್ಗವನ್ನೂ ನೋಡಿ ಬಂದರೆ ಆ ಸಾಮ್ರಾಜ್ಯದ ಹಿಂದಿನ ಅಧ್ಯಾಯ ಅರ್ಥವಾಗುತ್ತದೆ.