ಹಾರ್ಡ್, ಹಾರ್ಡ್ಲಿ ಮತ್ತು ನಮ್ಮ ‘ಕಷ್ಟ’

ಭಿವಂಡಿಯ ಒಂದು ಗೋದಾಮಿನಲ್ಲಿ ಕೆಲಸಕ್ಕೆ ಸಂದರ್ಶನ ನಡೆಯುತ್ತಿದೆ ಎಂದು ಊಹಿಸಿಕೊಳ್ಳಿ. ‘ನಾನು ಕಷ್ಟಪಟ್ಟು ದುಡಿಯುತ್ತೇನೆ’ ಎಂದು ಹುಡುಗ ಇಂಗ್ಲಿಷಿನಲ್ಲಿ ಹೇಳಬೇಕು. ಶಾಲೆಯಲ್ಲಿ ಕಲಿತ ನಿಯಮ ಅವನಿಗೆ ನೆನಪಿದೆ: ಸ್ಲೋ ಎಂಬ ಗುಣವಾಚಕಕ್ಕೆ ‘ಲಿ’ ಸೇರಿದರೆ ಸ್ಲೋಲಿ ಎಂಬ ಕ್ರಿಯಾವಿಶೇಷಣ, ಕ್ವಿಕ್‌ಗೆ ಸೇರಿದರೆ ಕ್ವಿಕ್ಲಿ. ಅದೇ ಲೆಕ್ಕದಲ್ಲಿ ‘ಐ ಹಾರ್ಡ್ಲಿ ವರ್ಕ್’ ಎನ್ನುತ್ತಾನೆ. ಎದುರಿಗೆ ಕುಳಿತವರಿಗೆ ಕೇಳಿಸಿದ್ದು ಮಾತ್ರ ‘ನಾನು ಕೆಲಸ ಮಾಡುವುದೇ ಇಲ್ಲ ಅನ್ನಬಹುದು’ ಎಂಬ ಮಾತು. ಒಂದೇ ಒಂದು ಅಕ್ಷರ ಅವನ ಬೆವರನ್ನೆಲ್ಲ ಅಳಿಸಿಹಾಕಿತು.

ಈ ತಪ್ಪಿನಲ್ಲಿ ಹುಡುಗನ ದಡ್ಡತನವೇನೂ ಇಲ್ಲ. ಅವನು ನಿಯಮವನ್ನು ಸರಿಯಾಗಿಯೇ ಪಾಲಿಸಿದ. ನಿಯಮ ಕೈಕೊಟ್ಟಿದ್ದು ಏಕೆ ಎಂದು ತಿಳಿಯಬೇಕಾದರೆ ಸಾವಿರ ವರ್ಷ ಹಿಂದಕ್ಕೆ ಹೋಗಬೇಕು.

ಹಳೆಯ ಇಂಗ್ಲಿಷಿನಲ್ಲಿ ‘ಹೆಆರ್ಡ್’ ಎಂದರೆ ಗಟ್ಟಿ, ಕಠಿಣ. ಅದನ್ನು ಕ್ರಿಯಾವಿಶೇಷಣ ಮಾಡಲು ಕೊನೆಗೆ ‘ಎ’ಕಾರ ಸೇರಿಸುತ್ತಿದ್ದರು: ‘ಹೆಆರ್ಡೆ’. ‘ಹೆಆರ್ಡ್‌ಲೀಚೆ’ ಎಂಬ ಇನ್ನೊಂದು ರೂಪವೂ ಇತ್ತು. ಅದಕ್ಕೆ ಕಠೋರವಾಗಿ, ಧೈರ್ಯವಾಗಿ ಎಂಬ ಅರ್ಥಗಳಿದ್ದವು. ಮುಂದಿನ ಶತಮಾನಗಳಲ್ಲಿ ಪದಗಳ ಕೊನೆಯ ‘ಎ’ಕಾರ ಉಚ್ಚಾರದಲ್ಲಿ ಸವೆದುಹೋಯಿತು. ಹಾಗಾಗಿ ‘ಹೆಆರ್ಡೆ’ ಬರಿಯ ‘ಹಾರ್ಡ್’ ಆಗಿ, ಗುಣವಾಚಕಕ್ಕೂ ಕ್ರಿಯಾವಿಶೇಷಣಕ್ಕೂ ಒಂದೇ ರೂಪ ಉಳಿಯಿತು. ‘ಫಾಸ್ಟ್’ ಪದದ ಕಥೆಯೂ ಇದೇ. ಆದ್ದರಿಂದಲೇ ‘ವರ್ಕ್ ಹಾರ್ಡ್’, ‘ರನ್ ಫಾಸ್ಟ್’ ಎಂಬಲ್ಲಿ ‘ಲಿ’ ಇಲ್ಲ.

ಇನ್ನೊಂದು ರೂಪವಾದ ಹಾರ್ಡ್ಲಿ ಬೇರೆ ದಾರಿ ಹಿಡಿಯಿತು. ಮೊದಲು ‘ಕಠೋರವಾಗಿ’ ಎಂದಿದ್ದದ್ದು 16ನೇ ಶತಮಾನದ ಹೊತ್ತಿಗೆ ‘ಕಷ್ಟದಿಂದ’ ಎಂಬ ಅರ್ಥಕ್ಕೂ ಬಂತು. 1611ರ ಇಂಗ್ಲಿಷ್ ಬೈಬಲಿನಲ್ಲಿ, ಸಿರಿವಂತರು ದೇವರ ರಾಜ್ಯ ಸೇರುವುದು ಎಷ್ಟು ಕಷ್ಟ ಎಂದು ಹೇಳುವ ಮಾರ್ಕನ ಸುವಾರ್ತೆಯ ಜಾಗದಲ್ಲಿ ಬಳಸಿರುವುದು ಇದೇ ಹಾರ್ಡ್ಲಿ. ಆದರೆ 16ನೇ ಶತಮಾನದಲ್ಲೇ ಅದಕ್ಕೆ ‘ಇಲ್ಲವೇ ಇಲ್ಲ ಎನ್ನುವಷ್ಟು’ ಎಂಬ ಇನ್ನೊಂದು ಅರ್ಥವೂ ಅಂಟಿಕೊಂಡಿತ್ತು. ಕ್ರಮೇಣ ಆ ಹೊಸ ಅರ್ಥ ಹಳೆಯದನ್ನು ಹೊರದಬ್ಬಿತು. 1946ರಲ್ಲಿ ಅಮೆರಿಕದಲ್ಲಿ ಹೊಸ ಒಡಂಬಡಿಕೆಯ ಪರಿಷ್ಕೃತ ಅನುವಾದ ಬಂದಾಗ ಅದೇ ಜಾಗದಲ್ಲಿ ಹಾರ್ಡ್ಲಿ ಇರಲಿಲ್ಲ, ಹಾರ್ಡ್ ಇತ್ತು.

ಕಷ್ಟ ಎನ್ನುವುದು ‘ಇಲ್ಲ’ದ ಕಡೆಗೆ ಜಾರಿದ್ದು ಹೇಗೆ? ಇದಕ್ಕೆ ಉತ್ತರ ಹುಡುಕಲು ಇಂಗ್ಲೆಂಡಿಗೆ ಹೋಗಬೇಕಿಲ್ಲ. ‘ಈ ವರ್ಷ ಮಳೆ ಬರೋದು ಕಷ್ಟ’ ಎಂದು ರೈತ ಹೇಳಿದರೆ, ಮಳೆ ಬಹಳ ಶ್ರಮಪಟ್ಟು ಬರುತ್ತದೆ ಎಂದು ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ. ಬರಲಿಕ್ಕಿಲ್ಲ ಎಂದೇ ತಿಳಿಯುತ್ತಾರೆ. ‘ಅವರು ಒಪ್ಪೋದು ಕಷ್ಟ’ ಎಂದರೂ ಹಾಗೆಯೇ. ಕಷ್ಟದಿಂದ ಆಗುವಂಥದ್ದು ಆಗದೇ ಹೋಗುವ ಸಂಭವವೇ ಹೆಚ್ಚು. ಕೇಳಿದವರು ಆ ಸಂಭವವನ್ನೇ ಅರ್ಥವಾಗಿ ತೆಗೆದುಕೊಳ್ಳುತ್ತಾರೆ. ಸಾವಿರಾರು ಸಲ ಹಾಗೆ ತೆಗೆದುಕೊಂಡ ಮೇಲೆ ಪದವೇ ಆ ಅರ್ಥಕ್ಕೆ ಒಗ್ಗಿಹೋಗುತ್ತದೆ.

ಹಳಗನ್ನಡದ ‘ಅರಿದು’ ಎಂಬ ಪದ ಇದಕ್ಕೆ ಇನ್ನೂ ಹಳೆಯ ಸಾಕ್ಷಿ. ಕಷ್ಟವಾದದ್ದು, ಅಪರೂಪವಾದದ್ದು, ಅಸಾಧ್ಯವಾದದ್ದು ಎಂಬ ಮೂರು ಅರ್ಥಗಳೂ ಅದಕ್ಕಿವೆ. ತಮಿಳಿನಲ್ಲಿ ಅದೇ ಪದ ಇಂದಿಗೂ ಅಪರೂಪ, ಕಷ್ಟ ಎಂಬ ಅರ್ಥಗಳಲ್ಲಿ ಬದುಕಿದೆ. ಸಂಸ್ಕೃತದಲ್ಲಿ ಪಾಣಿನಿ ಇದಕ್ಕೆಂದೇ ಒಂದು ಸೂತ್ರ ಬರೆದ. ಕಷ್ಟ ಮತ್ತು ಸುಲಭ ಎಂಬ ಅರ್ಥಗಳಲ್ಲಿ ‘ಈಷತ್’, ‘ದುಸ್’, ‘ಸು’ ಎಂಬ ಮೂರು ಪದಗಳ ಮುಂದೆ ಧಾತುವಿಗೆ ಯಾವ ಪ್ರತ್ಯಯ ಬರಬೇಕೆಂದು ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದಲ್ಲಿ ಹೇಳಿದ. ಅಲ್ಲಿಂದ ಹುಟ್ಟುವ ರೂಪಗಳೇ ಸುಕರ, ದುಷ್ಕರ, ಸುಲಭ, ದುರ್ಲಭ. ‘ದುರ್ಲಭ’ದ ಮೂಲಾರ್ಥ ‘ಕಷ್ಟದಿಂದ ಸಿಗುವಂಥದ್ದು’. ಆದರೆ ಕನ್ನಡದಲ್ಲಿ ‘ಅಂಥವರು ದುರ್ಲಭ’ ಎಂದರೆ ಅಂಥವರು ಇಲ್ಲವೆನ್ನುವಷ್ಟು ಕಡಿಮೆ ಎಂದರ್ಥ. ಇಂಗ್ಲಿಷಿನ ‘ಸ್ಕೇರ್ಸ್’ ಎಂದರೂ ಕೊರತೆ, ವಿರಳತೆ. ಅದರಿಂದ ಬಂದ ‘ಸ್ಕೇರ್ಸ್ಲಿ’ ಕೊನೆಗೆ ಹಾರ್ಡ್ಲಿಯ ಪಕ್ಕಕ್ಕೇ ಬಂದು ಕುಳಿತಿತು.

ಭಿವಂಡಿಯ ಬೀದಿಯಲ್ಲಿ ಈ ಜಾರುವಿಕೆ ದಿನಾ ಕಿವಿಗೆ ಬೀಳುತ್ತದೆ. ಇದು ಪವರ್‌ಲೂಮುಗಳ ಊರು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಮುಂಬಯಿಯ ಬಟ್ಟೆಗಿರಣಿಗಳ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದ ಮೇಲೆ ನೇಯ್ಗೆಯ ದೊಡ್ಡ ಪಾಲು ಇಂಥ ಊರುಗಳ ಸಣ್ಣ ಮಗ್ಗಶಾಲೆಗಳಿಗೆ ಹರಿಯಿತು. ಉತ್ತರ ಪ್ರದೇಶದ ನೇಕಾರರು, ತೆಲಂಗಾಣದ ಪದ್ಮಶಾಲಿಗಳು, ಸ್ಥಳೀಯ ಮರಾಠಿಗರು ಒಟ್ಟಿಗೆ ಸೇರಿದ ಊರಿದು. ಇಲ್ಲಿ ‘ಮುಶ್ಕಿಲ್ ಸೇ ಆಯಾ’ ಎಂದರೆ ಕಷ್ಟಪಟ್ಟು ಬಂದ ಎಂದರ್ಥ. ‘ಮುಶ್ಕಿಲ್ ಸೇ ದಸ್ ಲೋಗ್’ ಎಂದರೆ ಹತ್ತು ಜನರೂ ಇರಲಿಕ್ಕಿಲ್ಲ ಎಂದರ್ಥ. ಹಾರ್ಡ್ಲಿಯ ಹಳೆಯ ಮತ್ತು ಹೊಸ ಅರ್ಥಗಳೆರಡೂ ಒಂದೇ ಮಾತಿನಲ್ಲಿವೆ. ಇಂಗ್ಲಿಷ್ ಒಂದನ್ನು ಬಿಟ್ಟುಕೊಟ್ಟಿತು, ಹಿಂದಿ-ಉರ್ದು ಎರಡನ್ನೂ ಇಟ್ಟುಕೊಂಡವು.

ಹಾಗಾದರೆ ಇಂಗ್ಲಿಷಿನಲ್ಲಿ ‘ಕಷ್ಟದಿಂದ’ ಎನ್ನಲು ಉಳಿದದ್ದೇನು? ಸುಲಭಕ್ಕೆ ‘ಈಸಿಲಿ’ ಇದೆ. ಅದಕ್ಕೆ ಸರಿಜೋಡಿಯಾಗಿ ‘ಡಿಫಿಕಲ್ಟ್ಲಿ’ ಎಂಬ ಪದ ನಿಘಂಟಿನಲ್ಲಿ ಸಿಗುತ್ತದೆ, ಆದರೆ ಅದನ್ನು ಆಡುವವರಿಲ್ಲ. ಲ್ಯಾಟಿನ್ ಮೂಲದ ‘ಡಿಫಿಕಲ್ಟಿ’ ಎಂಬ ನಾಮಪದ 14ನೇ ಶತಮಾನದ ಕೊನೆಗೆ ಇಂಗ್ಲಿಷಿಗೆ ಬಂತು. ಅದರಿಂದ ಕತ್ತರಿಸಿ ತೆಗೆದದ್ದೇ ‘ಡಿಫಿಕಲ್ಟ್’ ಎಂಬ ಗುಣವಾಚಕ. ಕ್ರಿಯಾವಿಶೇಷಣದ ಕೆಲಸವನ್ನು ‘ವಿತ್ ಡಿಫಿಕಲ್ಟಿ’ ಎಂಬ ಪದಪುಂಜ ಮಾಡುತ್ತದೆ. ಹೆಚ್ಚು ಕಷ್ಟವಾದರೆ ‘ವಿತ್ ಗ್ರೇಟ್ ಡಿಫಿಕಲ್ಟಿ’. ಕೂದಲೆಳೆಯಲ್ಲಿ ಆಯಿತೆಂದರೆ ‘ಬೇರ್ಲಿ’. ಇಲ್ಲಿಯೂ ಎಚ್ಚರ ಬೇಕು. ‘ಬೇರ್ಲಿ ಪಾಸ್ಡ್’ ಎಂದರೆ ಅಂತೂ ಇಂತೂ ಪಾಸಾದ. ‘ಹಾರ್ಡ್ಲಿ ಸ್ಟಡೀಡ್’ ಎಂದರೆ ಓದಿದ್ದು ಏನೂ ಇಲ್ಲ. ಮೊದಲನೆಯದು ಆದದ್ದರ ಕಡೆಗೆ, ಎರಡನೆಯದು ಆಗದ್ದರ ಕಡೆಗೆ ವಾಲುತ್ತದೆ.

ಕನ್ನಡದ ಏಣಿಯ ಕಟ್ಟೋಣವೇ ಬೇರೆ. ಸಲೀಸಾಗಿ, ಸುಲಭವಾಗಿ ಎಂಬ ಕೆಳಗಿನ ಮೆಟ್ಟಿಲುಗಳಲ್ಲಿ ‘ಆಗಿ’ ಸೇರಿಸಿದರೆ ಸಾಕು. ಮೇಲೇರಿದಂತೆ ಕ್ರಿಯಾಪದಗಳು ಬರುತ್ತವೆ: ಕಷ್ಟಪಟ್ಟು, ಹೆಣಗಾಡಿ, ತಿಣುಕಾಡಿ, ಹರಸಾಹಸ ಮಾಡಿ. ಕೆಲಸ ಹೇಗಾಯಿತು ಎನ್ನುವುದರ ಜೊತೆಗೆ ಮಾಡಿದವನು ಏನು ಅನುಭವಿಸಿದ ಎನ್ನುವುದನ್ನೂ ಇವು ಹೇಳುತ್ತವೆ. ಇಂಗ್ಲಿಷಿನ ಒಂದು ‘ಲಿ’ಗೆ ಅಷ್ಟು ಹೊರೆ ಹೊರಲಾಗದು. ವಿಲಿಯಂ ರೀವ್ 1832ರ ನಿಘಂಟಿನಲ್ಲಿ, ಕಿಟೆಲ್ 1894ರ ನಿಘಂಟಿನಲ್ಲಿ ಕನ್ನಡ ಪದಗಳಿಗೆ ಇಂಗ್ಲಿಷ್ ಅರ್ಥ ಕೊಟ್ಟರು. ಆದರೆ ನಿಘಂಟು ಪದಕ್ಕೆ ಪದ ಜೋಡಿಸಬಲ್ಲದು. ಒಂದು ಭಾಷೆಯ ‘ಲಿ’ ಇನ್ನೊಂದರಲ್ಲಿ ಇಡೀ ಕ್ರಿಯಾಪದವಾಗುವುದನ್ನು ತರಗತಿಯಲ್ಲಿ ಮೇಷ್ಟರೇ ಬಿಡಿಸಿ ಹೇಳಬೇಕು.

ಮುಂಬಯಿ ಸೀಮೆಯ ಕನ್ನಡಿಗರಿಗೆ ಆ ತರಗತಿ ಬಹುಕಾಲ ರಾತ್ರಿಶಾಲೆಯಾಗಿತ್ತು. ಕರಾವಳಿಯಿಂದ ಬಂದ ಹುಡುಗರು ಹಗಲು ಹೋಟೆಲುಗಳಲ್ಲಿ ದುಡಿದು, ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಘಗಳು ನಡೆಸಿದ ಶಾಲೆಗಳಲ್ಲಿ ರಾತ್ರಿ ಓದಿದರು. ಗಲ್ಲೆಯ ಹಿಂದೆಯೋ ಆಫೀಸಿನಲ್ಲೋ ಒಂದು ಜಾಗ ಸಿಗಬೇಕಾದರೆ ಇಂಗ್ಲಿಷ್ ದಾಟಲೇಬೇಕಿತ್ತು. ದಿನವಿಡೀ ನಿಂತು ದುಡಿದು ಬಂದವನಿಗೆ ‘ಕಷ್ಟಪಟ್ಟು’ ಎಂಬ ಮಾತಿನ ಅರ್ಥ ಯಾರೂ ಹೇಳಿಕೊಡಬೇಕಿರಲಿಲ್ಲ. ಅದಕ್ಕೆ ಇಂಗ್ಲಿಷಿನಲ್ಲಿ ‘ಲಿ’ ಬೇಡ ಎನ್ನುವುದನ್ನಷ್ಟೇ ಹೇಳಿಕೊಡಬೇಕಿತ್ತು.

ಇಂದಿಗೂ ಬೇಕಾದದ್ದು ಅಷ್ಟೇ. ಹಾರ್ಡ್ಲಿಯನ್ನು ‘ನಿಯಮಕ್ಕೆ ಅಪವಾದ’ ಎಂದು ಬಾಯಿಪಾಠ ಮಾಡಿಸಿದರೆ ಅದು ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ. ಅದರ ಬದಲು ‘ಮಳೆ ಬರೋದು ಕಷ್ಟ’ ಎಂಬ ಮಾತನ್ನು ಕಪ್ಪುಹಲಗೆಯ ಮೇಲೆ ಬರೆದು, ಇಲ್ಲಿರುವ ಕಷ್ಟವೇ ಹಾರ್ಡ್ಲಿ, ‘ಕಷ್ಟಪಟ್ಟು ದುಡಿದ’ ಎನ್ನುವಲ್ಲಿರುವ ಕಷ್ಟ ಹಾರ್ಡ್ ಎಂದು ತೋರಿಸಿದರೆ, ಮನೆಮಾತಿನಲ್ಲಿ ಮೊದಲೇ ಗೊತ್ತಿದ್ದ ವ್ಯತ್ಯಾಸಕ್ಕೆ ಹುಡುಗನಿಗೆ ಎರಡು ಹೊಸ ಹೆಸರು ಸಿಕ್ಕಂತಾಗುತ್ತದೆ.