ಇ-ಮೇಲ್ ಲಾಟರಿ ವಂಚನೆ

ಇ-ಮೇಲ್ ಲಾಟರಿ ವಂಚನೆ ಎಂದರೆ, ವ್ಯಕ್ತಿಯೊಬ್ಬರು ತಾವು ಟಿಕೆಟ್ಟನ್ನೇ ಕೊಳ್ಳದ ಲಾಟರಿಯಲ್ಲಿ ದೊಡ್ಡ ಬಹುಮಾನ ಗೆದ್ದಿದ್ದಾರೆಂದು ಮಿಂಚಂಚೆಯ ಮೂಲಕ ನಂಬಿಸಿ, ಆ ಹಣವನ್ನು ಬಿಡುಗಡೆ ಮಾಡುವ ನೆಪದಲ್ಲಿ ಅವರಿಂದಲೇ ಹಣವನ್ನೋ ಖಾಸಗಿ ಮಾಹಿತಿಯನ್ನೋ ಕಸಿಯುವ ಅಪರಾಧ. ಮುಂಗಡ ಶುಲ್ಕ ವಂಚನೆ ಎಂಬ ಅಪರಾಧಗಳ ಗುಂಪಿನಲ್ಲಿ ಇದು ಒಂದು ಬಗೆ. ಇಲ್ಲಿ ಬಹುಮಾನ ಎಂಬುದು ಇರುವುದೇ ಇಲ್ಲ; ಅದನ್ನು ಪಡೆಯಲು ಕಟ್ಟುವ ಶುಲ್ಕ ಮಾತ್ರ ನಿಜವಾದುದು.

ಹಿನ್ನೆಲೆ

ಈ ವಂಚನೆಯ ಮೂಲತಂತ್ರ ಅಂತರಜಾಲಕ್ಕಿಂತ ಬಹಳ ಹಳೆಯದು. 19ನೆಯ ಶತಮಾನದಲ್ಲಿ 'ಸ್ಪೇನಿನ ಕೈದಿ' ಎಂಬ ಹೆಸರಿನ ಮೋಸ ಯುರೋಪ್ ಮತ್ತು ಅಮೆರಿಕಗಳಲ್ಲಿ ಅಂಚೆಯ ಮೂಲಕ ನಡೆಯುತ್ತಿತ್ತು. ಶ್ರೀಮಂತನೊಬ್ಬ ಸ್ಪೇನಿನ ಸೆರೆಮನೆಯಲ್ಲಿದ್ದಾನೆ, ಅವನ ಬಿಡುಗಡೆಗೆ ಸ್ವಲ್ಪ ಹಣ ಕೊಟ್ಟವರಿಗೆ ಅವನ ಸಂಪತ್ತಿನಲ್ಲಿ ಪಾಲು ದೊರೆಯುತ್ತದೆ ಎಂಬುದು ಆ ಪತ್ರಗಳ ಸಾರ. 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಇದೇ ಬಗೆಯ ಪತ್ರಗಳು ನೈಜೀರಿಯಾದಿಂದ ಹೆಚ್ಚಾಗಿ ಹೊರಟವು. ಸುಳ್ಳು ಹೇಳಿ ಹಣ ಪಡೆಯುವುದನ್ನು ಶಿಕ್ಷಾರ್ಹವೆನ್ನುವ ಆ ದೇಶದ ಅಪರಾಧ ಸಂಹಿತೆಯ 419ನೆಯ ಕಲಮಿನಿಂದಾಗಿ ಇವಕ್ಕೆ '419 ವಂಚನೆ' ಎಂಬ ಹೆಸರು ಬಂದಿತು. ಆದರೆ ಇದನ್ನು ಒಂದೇ ದೇಶದ ಅಪರಾಧವೆಂದು ಭಾವಿಸುವುದು ತಪ್ಪು. 2005ರಲ್ಲಿ ಸ್ಪೇನಿನ ಮಾಲಗಾ ಪ್ರದೇಶದಲ್ಲಿ ಲಾಟರಿ ಪತ್ರಗಳ ಜಾಲವೊಂದನ್ನು ಭೇದಿಸಿದ ಪೊಲೀಸರು 300ಕ್ಕೂ ಹೆಚ್ಚು ಜನರನ್ನು ಬಂಧಿಸಿದ್ದರು.

ನಡೆಯುವ ಬಗೆ

ಮೊದಲ ಪತ್ರ ಒಂದೇ ಹೊತ್ತಿಗೆ ಲಕ್ಷಾಂತರ ವಿಳಾಸಗಳಿಗೆ ಹೋಗುತ್ತದೆ. ಬ್ರಿಟನ್ನಿನ ರಾಷ್ಟ್ರೀಯ ಲಾಟರಿ, ಸ್ಪೇನಿನ 'ಎಲ್ ಗೋರ್ದೊ', ಮೈಕ್ರೋಸಾಫ್ಟ್, ಕೋಕಾ-ಕೋಲಾ ಮುಂತಾದ ಪರಿಚಿತ ಹೆಸರುಗಳನ್ನು ಅವುಗಳಿಗೆ ತಿಳಿಯದಂತೆಯೇ ಬಳಸಲಾಗುತ್ತದೆ. ಪ್ರಪಂಚದ ಇ-ಮೇಲ್ ವಿಳಾಸಗಳಲ್ಲಿ ಚೀಟಿ ಎತ್ತಿ ವಿಜೇತರನ್ನು ಆರಿಸಲಾಗಿದೆ ಎಂಬ ವಿವರಣೆ, ಉದ್ದನೆಯ ಉಲ್ಲೇಖ ಸಂಖ್ಯೆ, ಮೊಹರಿನ ಚಿತ್ರ, ಕೆಲವೇ ದಿನಗಳ ಗಡುವು ಇವೆಲ್ಲ ಅದರಲ್ಲಿರುತ್ತವೆ.

ಉತ್ತರಿಸಿದವರನ್ನು 'ಹಕ್ಕುಸಾಧನೆ ಅಧಿಕಾರಿ' ಎಂದು ಕರೆದುಕೊಳ್ಳುವವನೊಬ್ಬ ಸಂಪರ್ಕಿಸುತ್ತಾನೆ. ಮೊದಲು ಕೇಳುವ ಮೊತ್ತ ಸಣ್ಣದು. ಅದನ್ನು ಕಟ್ಟಿದ ಬಳಿಕ ಹಣ ವರ್ಗಾವಣೆಯ ಶುಲ್ಕ, ವಿದೇಶಿ ವಿನಿಮಯ ಶುಲ್ಕ, ತೆರಿಗೆ, ಭಯೋತ್ಪಾದನೆಗೆ ಸಂಬಂಧವಿಲ್ಲವೆಂಬ ಪ್ರಮಾಣಪತ್ರದ ವೆಚ್ಚ ಎಂದು ಒಂದರ ಹಿಂದೊಂದು ಅಡ್ಡಿ ಹುಟ್ಟಿಕೊಳ್ಳುತ್ತದೆ. ಭಾರತದಲ್ಲಿ ಇದಕ್ಕೊಂದು ವಿಶಿಷ್ಟ ತಿರುವಿದೆ: ಹಣ ಅಥವಾ ಡಿಡಿ ಹಿಡಿದು ಬಂದ ಪ್ರತಿನಿಧಿಯನ್ನು ದೆಹಲಿ ಅಥವಾ ಮುಂಬಯಿ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ತಡೆದಿದ್ದಾರೆ ಎಂದು ದೂರವಾಣಿ ಕರೆ ಬರುತ್ತದೆ. ಕರೆ ಮಾಡುವವರು, ತಡೆದಿರುವ 'ಅಧಿಕಾರಿ' ಇಬ್ಬರೂ ಒಂದೇ ಗುಂಪಿನವರು. ಈಗಾಗಲೇ ಕೊಟ್ಟ ಹಣ ಕೈತಪ್ಪಬಾರದೆಂಬ ಆತಂಕವೇ ಸಂತ್ರಸ್ತರಿಂದ ಮತ್ತಷ್ಟು ಕೊಡಿಸುತ್ತದೆ. ಹಲವರು ಸಾಲ ಮಾಡಿಯೋ ಒಡವೆ ಅಡವಿಟ್ಟೋ ಕಟ್ಟುವುದು ಈ ಹಂತದಲ್ಲಿ. ಪತ್ರದಲ್ಲಿ 'ವಿಷಯವನ್ನು ಗುಟ್ಟಾಗಿಡಿ' ಎಂಬ ಸೂಚನೆ ತಪ್ಪದೆ ಇರುವುದೂ ಇದಕ್ಕಾಗಿಯೇ. ಮನೆಯವರ ಕಿವಿಗೆ ಬಿದ್ದರೆ ಯಾರಾದರೊಬ್ಬರು ತಡೆಯುವ ಸಂಭವ ಹೆಚ್ಚು.

ಹಣವನ್ನು ಸಾಮಾನ್ಯವಾಗಿ ಸಂಸ್ಥೆಯ ಖಾತೆಗಲ್ಲ, ಯಾವುದೋ ವ್ಯಕ್ತಿಯ ಉಳಿತಾಯ ಖಾತೆಗೆ ಹಾಕಲು ಹೇಳಲಾಗುತ್ತದೆ. ಇಂಥ ಖಾತೆಗಳು ಕಮಿಷನ್ ಆಸೆಗೆ ತಮ್ಮ ಪಾಸ್‌ಬುಕ್, ಎಟಿಎಂ ಕಾರ್ಡುಗಳನ್ನು ಬೇರೆಯವರ ಕೈಗೆ ಕೊಟ್ಟವರದಾಗಿರುತ್ತವೆ. ತನಿಖೆಯಲ್ಲಿ ಮೊದಲು ಸಿಕ್ಕಿಬೀಳುವವರೂ ಅವರೇ.

ಗುರುತಿಸುವುದು

ಟಿಕೆಟ್ ಕೊಳ್ಳದವರಿಗೆ ಲಾಟರಿ ಬರುವುದಿಲ್ಲ ಎಂಬುದೊಂದೇ ಈ ಪತ್ರಗಳಲ್ಲಿ ಬಹುಪಾಲನ್ನು ತಳ್ಳಿಹಾಕಲು ಸಾಕು. ಎರಡನೆಯ ಪರೀಕ್ಷೆ ಹಣ ಹರಿಯುವ ದಿಕ್ಕು. ಭಾರತದಲ್ಲಿ ಲಾಟರಿ ಬಹುಮಾನದ ಮೇಲಿನ ಶೇ. 30ರ ಆದಾಯ ತೆರಿಗೆಯನ್ನು ಬಹುಮಾನ ಕೊಡುವವರೇ ಮೂಲದಲ್ಲಿ ಕಡಿತಗೊಳಿಸಿ ಉಳಿದುದನ್ನು ಪಾವತಿಸುತ್ತಾರೆ. ಗೆದ್ದವರು ತೆರಿಗೆಯನ್ನು ಮುಂಚಿತವಾಗಿ ಅವರಿಗೆ ಕಳುಹಿಸಬೇಕಾಗಿಲ್ಲ. ಬ್ರಿಟನ್ನಿನಲ್ಲಂತೂ ಲಾಟರಿ ಬಹುಮಾನಕ್ಕೆ ತೆರಿಗೆಯೇ ಇಲ್ಲ. ಹೀಗಾಗಿ 'ಬ್ರಿಟನ್ನಿನ ಲಾಟರಿ ತೆರಿಗೆ' ಎಂಬ ಬೇಡಿಕೆ ತನ್ನ ಸುಳ್ಳನ್ನು ತಾನೇ ಹೇಳಿಕೊಳ್ಳುತ್ತದೆ.

ಕಳುಹಿಸಿದವರ ಹೆಸರಿನ ಜಾಗದಲ್ಲಿ ಯಾರು ಏನನ್ನು ಬೇಕಾದರೂ ಬರೆಯಬಹುದು. ಹೆಸರಿನ ಹಿಂದಿರುವ ವಿಳಾಸವನ್ನೂ ಉತ್ತರ ಹೋಗಿ ಸೇರುವ ವಿಳಾಸವನ್ನೂ ಹೋಲಿಸಿದರೆ, ಅನೇಕ ವೇಳೆ ಎರಡನೆಯದು ಜಿಮೇಲ್‌ನಂತಹ ಉಚಿತ ಸೇವೆಯದಾಗಿರುತ್ತದೆ. ಜಿಮೇಲ್‌ನಲ್ಲಿ ಪತ್ರದ ಮೂಲರೂಪವನ್ನು ತೆರೆದರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ದೃಢೀಕರಣಗಳ ಫಲಿತಾಂಶ ಕಾಣುತ್ತದೆ. ಅವು ವಿಫಲವಾಗಿದ್ದರೆ ವಿಳಾಸ ನಕಲಿ ಎಂಬ ಶಂಕೆ ಬಲಗೊಳ್ಳುತ್ತದೆ. ಆದರೆ ಅವು ಸಫಲವಾದ ಮಾತ್ರಕ್ಕೆ ಪತ್ರ ಪ್ರಾಮಾಣಿಕವೆಂದಾಗುವುದಿಲ್ಲ. ವಂಚಕನು ತನ್ನದೇ ಖಾತೆಯಿಂದ ಕಳುಹಿಸಿದರೂ ಅವು ಸಫಲವಾಗುತ್ತವೆ.

ಕಾಗುಣಿತದ ತಪ್ಪು, ಅತಿಶಯದ ಮೊತ್ತ ಇವನ್ನು ವಂಚಕರ ಅಜ್ಞಾನವೆಂದು ನಗುವುದುಂಟು. ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದ ಕಾರ್ಮಾಕ್ ಹರ್ಲಿ 2012ರ ಪ್ರಬಂಧದಲ್ಲಿ ಇದಕ್ಕೆ ಬೇರೊಂದು ಕಾರಣ ಮಂಡಿಸಿದರು: ನಂಬಲಸಾಧ್ಯವಾದ ಕಥೆ ಅನುಮಾನಪಡುವವರನ್ನು ಆರಂಭದಲ್ಲೇ ದೂರವಿಡುತ್ತದೆ, ಉತ್ತರಿಸುವವರು ಕೊನೆಯವರೆಗೂ ಬರಬಹುದಾದವರು ಮಾತ್ರ. ಇಷ್ಟಾದರೂ ಭಾಷೆ ಶುದ್ಧವಾಗಿದೆ ಎಂಬ ಕಾರಣಕ್ಕೆ ಪತ್ರವನ್ನು ನಂಬುವಂತಿಲ್ಲ; ಇಂದು ಯಾವ ಭಾಷೆಯಲ್ಲಾದರೂ ತಪ್ಪಿಲ್ಲದ ಪತ್ರವನ್ನು ಯಂತ್ರವೇ ಬರೆದುಕೊಡುತ್ತದೆ.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತೀಯ ರಿಸರ್ವ್ ಬ್ಯಾಂಕಿನ ಹೆಸರು ಈ ಪತ್ರಗಳಲ್ಲಿ ಪದೇ ಪದೇ ದುರ್ಬಳಕೆಯಾಗಿದೆ. ತಾನು ವ್ಯಕ್ತಿಗಳ ಖಾತೆಗಳನ್ನು ನಿರ್ವಹಿಸುವುದಿಲ್ಲ, ಲಾಟರಿ ಹಣದ ಬಗ್ಗೆ ಯಾರಿಗೂ ಪತ್ರ ಕಳುಹಿಸುವುದಿಲ್ಲ ಎಂದು ಬ್ಯಾಂಕು ಹಲವು ಬಾರಿ ಸ್ಪಷ್ಟಪಡಿಸಿದೆ. ಲಾಟರಿಯಲ್ಲಿ ಭಾಗವಹಿಸಲು ವಿದೇಶಕ್ಕೆ ಹಣ ಕಳುಹಿಸುವುದು ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆಯಡಿ ನಿಷಿದ್ಧವೆಂದು 2010ರ ಮೇ ತಿಂಗಳಲ್ಲಿ ಸುತ್ತೋಲೆಯನ್ನೂ ಹೊರಡಿಸಿತು. ಮುಂದೆ ಈ ಮೋಸ ಇ-ಮೇಲ್‌ನಿಂದ ವಾಟ್ಸ್ಆ್ಯಪ್‌ಗೆ ಹರಡಿ, 'ಕೌನ್ ಬನೇಗಾ ಕರೋಡ್‌ಪತಿ' ಕಾರ್ಯಕ್ರಮದ ಹೆಸರಿನಲ್ಲಿ 25 ಲಕ್ಷ ರೂಪಾಯಿ ಬಂದಿದೆ ಎನ್ನುವ ಸಂದೇಶಗಳ ರೂಪ ತಾಳಿತು. ಅವುಗಳಲ್ಲಿ ಹಲವು +92ರಿಂದ ಆರಂಭವಾಗುವ ವಿದೇಶಿ ಸಂಖ್ಯೆಗಳಿಂದ ಬಂದಂಥವು.

ಕರ್ನಾಟಕದಲ್ಲಿ ಲಾಟರಿ ಮಾರಾಟ 2007ರಿಂದ ನಿಷೇಧಿತವಾಗಿದೆ. ನಿಜವಾದ ಟಿಕೆಟ್ಟನ್ನೇ ಕಾಣದೆ ಬೆಳೆದವರಿಗೆ ಬಹುಮಾನ ಹೇಗೆ ದೊರೆಯುತ್ತದೆ ಎಂಬುದು ತಿಳಿದಿರುವುದಿಲ್ಲ. ನೆರೆಯ ಕೇರಳದಲ್ಲಿ ರಾಜ್ಯ ಸರ್ಕಾರದ ಲಾಟರಿ ಕಾಗದದ ಟಿಕೆಟ್ಟಿನ ಮೂಲಕ ಮಾತ್ರ ನಡೆಯುತ್ತದೆ. ಫಲಿತಾಂಶದ ಪಟ್ಟಿಯೊಡನೆ ಸಂಖ್ಯೆಯನ್ನು ಗೆದ್ದವರೇ ತಾಳೆ ನೋಡಿ, 30 ದಿನಗಳೊಳಗೆ ಮೂಲ ಟಿಕೆಟ್ಟನ್ನು ಒಪ್ಪಿಸಬೇಕು. ವಿಜೇತರನ್ನು ಹುಡುಕಿಕೊಂಡು ಬರುವ ಇ-ಮೇಲ್‌ಗೆ ಅಲ್ಲಿ ಎಡೆಯೇ ಇಲ್ಲ.

ಕಾನೂನು ಮತ್ತು ದೂರು

ಗಣಕಯಂತ್ರ ಅಥವಾ ಸಂವಹನ ಸಾಧನದ ಮೂಲಕ ಬೇರೊಬ್ಬರ ಸೋಗಿನಲ್ಲಿ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ 66ಡಿ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಭಾರತೀಯ ದಂಡ ಸಂಹಿತೆಯ 420ನೆಯ ಕಲಮಿನ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮು ಜಾರಿಯಲ್ಲಿದೆ.

ಹಣ ಕಳುಹಿಸಿದ ನಂತರ ಮೊದಲ ಕೆಲವು ಗಂಟೆಗಳೇ ನಿರ್ಣಾಯಕ. 1930 ಸಹಾಯವಾಣಿಗೆ ಕೂಡಲೇ ತಿಳಿಸಿದರೆ, ಹಣ ಇನ್ನೂ ಖಾತೆಯಲ್ಲಿದ್ದಲ್ಲಿ ಬ್ಯಾಂಕುಗಳು ಅದನ್ನು ತಡೆಹಿಡಿಯಲು ಸಾಧ್ಯ. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿ ಅಥವಾ ಜಿಲ್ಲೆಯ ಸೆನ್ ಪೊಲೀಸ್ ಠಾಣೆಯಲ್ಲಿಯೂ ದೂರು ನೀಡಬಹುದು. ಪತ್ರ, ಖಾತೆ ಸಂಖ್ಯೆ, ಪಾವತಿಯ ರಸೀದಿ ಇವನ್ನು ಅಳಿಸದೆ ಉಳಿಸಿಕೊಳ್ಳಬೇಕು. ನಾಚಿಕೆಯಿಂದಲೂ, ಲಾಟರಿಯಲ್ಲಿ ತೊಡಗಿದ್ದೇ ಅಪರಾಧವಾದೀತೆಂಬ ಭಯದಿಂದಲೂ ಸುಮ್ಮನಿರುವವರು ಬಹಳ. ವಂಚಕರಿಗೆ ಈ ಮೌನ ಅನುಕೂಲಕರ.

ಒಮ್ಮೆ ಮೋಸಹೋದವರ ಹೆಸರು, ವಿಳಾಸಗಳ ಪಟ್ಟಿ ವಂಚಕರ ನಡುವೆ ಕೈಬದಲಾಗುತ್ತದೆ. ಕೆಲವು ತಿಂಗಳ ಬಳಿಕ ವಕೀಲರ ಅಥವಾ ಪೊಲೀಸ್ ಅಧಿಕಾರಿಗಳ ಸೋಗಿನಲ್ಲಿ ಅವರಿಗೆ ಇನ್ನೊಂದು ಪತ್ರ ಬರುವುದುಂಟು. ಕಳೆದುಕೊಂಡ ಹಣವನ್ನು ಪತ್ತೆಹಚ್ಚಲಾಗಿದೆ, ಮರಳಿ ಕೊಡಲು ಒಂದು ಸಣ್ಣ ಶುಲ್ಕ ಕಟ್ಟಬೇಕು ಎಂದು ಅದರಲ್ಲಿ ಬರೆದಿರುತ್ತದೆ.