ಪ್ರಶ್ನೆಯ ಎಲ್ಲೆ: ಬಸವನಗುಡಿಯ ವಿಚಾರವಾದ ಮತ್ತು ಸಹಿಷ್ಣುತೆ

ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಪರೀಕ್ಷೆಗೆ ಒಡ್ಡಬಹುದಾದ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿಯೊಂದನ್ನು ರಚಿಸಿದರು. ಈ ಪ್ರಸಂಗವನ್ನು ಆಸ್ತಿಕ-ನಾಸ್ತಿಕರ ಜಗಳವೆಂದು ವಿವರಿಸುವುದು ವಾಡಿಕೆ. ಸಮಿತಿಯ ವ್ಯಾಪ್ತಿಯನ್ನು ಗಮನಿಸಿದರೆ ಆ ವಿವರಣೆ ನಿಲ್ಲುವುದಿಲ್ಲ. ದೇವರಿದ್ದಾನೆಯೇ ಎಂದು ಅದು ಕೇಳಲಿಲ್ಲ. ಬರಿಗೈಯಿಂದ ವಿಭೂತಿ ಬರುತ್ತದೆಯೇ ಎಂದಷ್ಟೇ ಕೇಳಿತು. ಪಾಂಡವಪುರದಲ್ಲಿ ಬಾಲಕನೊಬ್ಬನ ಮೈಯಿಂದ ವಿಭೂತಿ ಉದುರುತ್ತದೆಂದು ಜನ ನಂಬಿದ್ದರು. ಸಮಿತಿಯವರು ಹೋಗಿ ನೋಡಿದಾಗ ಅದು ಅವನ ಬಟ್ಟೆಯೊಳಗೆ ಬಚ್ಚಿಟ್ಟದ್ದೆಂದು ಬಯಲಾಯಿತು. ಇಂಥ ಪವಾಡಗಳಿಗೆ ಹೆಸರಾಗಿದ್ದ ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೂ ಪತ್ರ ಹೋಯಿತು. ಅವರು ಪರೀಕ್ಷೆಗೆ ಒಪ್ಪಲಿಲ್ಲ. ಪರೀಕ್ಷೆಗೆ ಒಗ್ಗುವ ಹೇಳಿಕೆ ಸಾರ್ವಜನಿಕ, ಒಗ್ಗದ ಶ್ರದ್ಧೆ ಖಾಸಗಿ ಎಂಬ ಈ ವಿಂಗಡಣೆಯೇ ನರಸಿಂಹಯ್ಯನವರ ನೆಲೆಯಾಗಿದ್ದ ಬೆಂಗಳೂರಿನ ಬಸವನಗುಡಿಯ ಸಹಿಷ್ಣುತೆಗೆ ಆಧಾರವಾಗಿತ್ತೆಂಬುದು ನನ್ನ ವಾದ. ಸಂವಿಧಾನವೂ ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡಿದೆ: 25ನೆಯ ವಿಧಿ ಅಂತಃಸಾಕ್ಷಿಯ ಸ್ವಾತಂತ್ರ್ಯ ಕೊಟ್ಟರೆ, ಅದೇ 1976ರ 42ನೆಯ ತಿದ್ದುಪಡಿ ವೈಜ್ಞಾನಿಕ ಮನೋಭಾವವನ್ನು ನಾಗರಿಕರ ಕರ್ತವ್ಯವಾಗಿಸಿತು.

ಈ ವಿಂಗಡಣೆ ಬೇರೂರಿದ ನೆಲವನ್ನೂ ನೋಡಬೇಕು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲನ್ನು 1917ರಲ್ಲಿ ಸ್ಥಾಪಿಸಿದ ಆನಿ ಬೆಸೆಂಟ್ ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಾ ಜೊತೆ ನಿರೀಶ್ವರವಾದವನ್ನು ಪ್ರಚಾರ ಮಾಡಿದವರು, ಆಮೇಲೆ ಥಿಯಾಸಫಿಗೆ ಒಲಿದವರು. ಅಲ್ಲಿಗೆ ಗೌರಿಬಿದನೂರು ಸೀಮೆಯ ಹೊಸೂರಿನಿಂದ ಓದಲು ಬಂದ ಬಡ ಹುಡುಗ ನರಸಿಂಹಯ್ಯ ಮುಂದೆ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು. ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿ, ಹಾಸ್ಟೆಲಿನ ಒಂದು ಕೋಣೆ: ಬದುಕು ಅಷ್ಟರಲ್ಲೇ ಸಾಗಿತು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಹುಟ್ಟುಹಾಕಿದ ಅವರೇ ಸಂಗೀತ ಕಛೇರಿಗಳನ್ನು ನಡೆಸುವ ಬೆಂಗಳೂರು ಲಲಿತಕಲಾ ಪರಿಷತ್ತನ್ನೂ ಕಟ್ಟಿದರು. ಇದು ನನಗೆ ಬಹಳ ಮುಖ್ಯವೆನಿಸುತ್ತದೆ. ಕರ್ನಾಟಕ ಸಂಗೀತದ ಕಛೇರಿಯೆಂದರೆ ತ್ಯಾಗರಾಜರ ರಾಮ, ದಾಸರ ವಿಠಲ. ಪವಾಡವನ್ನು ಒಪ್ಪದ ಮನುಷ್ಯ ಭಕ್ತಿಗೀತೆಗೆ ವೇದಿಕೆ ಹಾಕಿಕೊಟ್ಟರು. ಕೀರ್ತನೆಯಲ್ಲಿ ತನಿಖೆ ಮಾಡಬೇಕಾದ ಹೇಳಿಕೆ ಏನಿದೆ?

ಸಂದೇಹಕ್ಕೆ ಇಲ್ಲಿ ಬೇರೆ ದನಿಗಳೂ ಇದ್ದವು. ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ ಡಿ.ವಿ.ಜಿ. ಅವರ ‘ಮಂಕುತಿಮ್ಮನ ಕಗ್ಗ’ (1943) ನಂಬಿಕೆಯನ್ನು ಬಿಡದೆಯೇ ಅನುಮಾನಕ್ಕೆ ಎಡೆ ಕೊಡುತ್ತದೆ. ಎ.ಎನ್. ಮೂರ್ತಿರಾಯರ ‘ದೇವರು’ ದೇವರಿಲ್ಲವೆಂಬ ನಿಲುವನ್ನು ಮೆಲುದನಿಯಲ್ಲೇ ನೇರವಾಗಿ ಮಂಡಿಸುತ್ತದೆ. ಕನ್ನಡ ಓದುಗರು ಎರಡನ್ನೂ ಮನೆಗೊಯ್ದರು.

ಆದರೆ ಈ ಸಹಿಷ್ಣುತೆಯನ್ನು ಹೊಗಳಿ ಸುಮ್ಮನಾಗುವಂತಿಲ್ಲ. ನರಸಿಂಹಯ್ಯನವರ ಪ್ರಶ್ನೆಗೆ ಅವರ ವೈರಾಗ್ಯವೂ ಹುದ್ದೆಯೂ ಬೆಂಬಲವಾಗಿದ್ದವು. ಸಂನ್ಯಾಸಿಯಂತೆ ಬದುಕಿದ ವಿಚಾರವಾದಿಯನ್ನು ಆಸ್ತಿಕರು ಗೌರವಿಸುವುದು ಕಷ್ಟವಲ್ಲ. ಆ ಗೌರವ ಎಲ್ಲರಿಗೂ ಸಿಗಲಿಲ್ಲ: 2017ರ ಸೆಪ್ಟೆಂಬರ್ 5ರಂದು ವಿಚಾರವಾದಿ ಪತ್ರಕರ್ತೆ ಗೌರಿ ಲಂಕೇಶ್ ಬೆಂಗಳೂರಿನ ತಮ್ಮ ಮನೆ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಮರುದಿನ ಚಾಮರಾಜಪೇಟೆಯ ರುದ್ರಭೂಮಿಯಲ್ಲಿ ಧಾರ್ಮಿಕ ವಿಧಿಗಳಿಲ್ಲದೆ ಅವರ ಅಂತ್ಯಕ್ರಿಯೆ ನಡೆಯಿತು. ಅವರ ನಿಲುವಿಗೆ ಅಲ್ಲಿ ಸಿಕ್ಕ ಮನ್ನಣೆ, ಬದುಕಿದ್ದಾಗ ಸಿಗಬೇಕಾದ ರಕ್ಷಣೆಗೆ ಬದಲಿಯಾಗಲಾರದು. ಇನ್ನು ಹೆಸರೂ ಹುದ್ದೆಯೂ ಇಲ್ಲದವರ ಕಥೆ ಸಭಾಂಗಣಗಳ ಚರಿತ್ರೆಯಲ್ಲಿ ಸಿಗುವುದೇ ಇಲ್ಲ. ತಂದೆಯ ಶ್ರಾದ್ಧ ಮಾಡಲೊಲ್ಲದ ಮಗ, ವರಮಹಾಲಕ್ಷ್ಮಿ ವ್ರತಕ್ಕೆ ಕೂರಲೊಲ್ಲದ ಸೊಸೆ ಬಸವನಗುಡಿ, ಮಲ್ಲೇಶ್ವರಗಳ ಮನೆಗಳಲ್ಲಿ ಎಂಥ ಮಾತು ಕೇಳಿದರು, ಯಾರು ಅವರ ಪರ ನಿಂತರು ಎಂಬುದನ್ನು ಮನೆಮನೆಯ ನೆನಪುಗಳಿಂದಲೇ ಕಲೆಹಾಕಬೇಕಾಗಿದೆ.